ಕೆಹಿಂಡೆ ಒಳಗೇ ಕಾಯುವಾಗ

ನೈಜೀರಿಯಾದ ಯೊರುಬಾ ಜನರಲ್ಲಿ ಅವಳಿಗಳಲ್ಲೊಂದು ತೀರಿಕೊಂಡರೆ, ಅದರ ಹೆಸರಲ್ಲಿ ಗೇಣುದ್ದದ ಮರದ ಗೊಂಬೆ ಕೆತ್ತಿಸುತ್ತಿದ್ದರು. ಅದು ಇಬೇಜಿ. ತಾಯಿ ಅದಕ್ಕೆ ಸ್ನಾನ ಮಾಡಿಸಿ, ಕೆಂಪು ಮರದ ಪುಡಿ ಹಚ್ಚಿ, ತುತ್ತು ಮುಟ್ಟಿಸಿ ಮಗುವಿನಂತೆಯೇ ನೋಡಿಕೊಳ್ಳುತ್ತಿದ್ದಳು. ಮ್ಯೂಸಿಯಂಗಳಲ್ಲಿರುವ ಹಳೆಯ ಇಬೇಜಿಗಳ ಪೈಕಿ ಎಷ್ಟೋ ಗೊಂಬೆಗಳ ಕಣ್ಣು, ಮೂಗು ಸವೆದು ನುಣ್ಣಗಾಗಿವೆ. ತೊಳೆದೂ ತೊಳೆದೂ ಸವೆದದ್ದು.

ಯೊರುಬಾ ನಾಡಿನಲ್ಲಿ ಅವಳಿಗಳು ಹುಟ್ಟೋದೇ ಜಾಸ್ತಿ. ಜಗತ್ತಿನ ಸರಾಸರಿ 1000 ಹೆರಿಗೆಗೆ 12 ಅವಳಿ ಹೆರಿಗೆ. ಇಲ್ಲಿ ಹಿಂದೆ ಮಾಡಿದ ಲೆಕ್ಕಗಳಲ್ಲಿ ಅದು 40 ದಾಟಿತ್ತು. ಆದರೆ ಉಳಿಯುವವರು? ಸಹಾರಾ ಮರುಭೂಮಿಯ ದಕ್ಷಿಣಕ್ಕಿರುವ ಆಫ್ರಿಕಾದಲ್ಲಿ 1995–2001ರ ಹೊತ್ತಿಗೆ 1000 ಅವಳಿ ಮಕ್ಕಳಲ್ಲಿ ಸುಮಾರು 328 ಮಕ್ಕಳು 5 ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. 2009–14ಕ್ಕೆ ಅದು 213ಕ್ಕೆ ಇಳಿಯಿತು. ಒಂಟಿಯಾಗಿ ಹುಟ್ಟಿದ ಮಕ್ಕಳಲ್ಲಿ ಆಗ ಈ ಸಂಖ್ಯೆ ಸುಮಾರು 64. ಎರಡೂ ಇಳಿದಿವೆ ನಿಜ, ಆದರೂ ಐದು ಅವಳಿ ಮಕ್ಕಳಲ್ಲಿ ಒಂದು ಹೋಗುತ್ತಿತ್ತು ಅನ್ನೋದನ್ನು ಓದಿ ನನಗೆ ಮುಂದಕ್ಕೆ ಹೋಗಲಾಗಲಿಲ್ಲ.

ಮೊದಲನೆಯ ಕಾರಣ ಎಲ್ಲರಿಗೂ ಗೊತ್ತಿರುವಂಥದ್ದೇ. ಇಬ್ಬರಿರುವ ಹೊಟ್ಟೆ ಬೇಗ ಹಿಗ್ಗುತ್ತದೆ, ಎಷ್ಟೋ ಸಲ ದಿನ ತುಂಬುವ ಮೊದಲೇ ನೋವು ಶುರುವಾಗುತ್ತದೆ. ತೂಕ ಕಡಿಮೆ, ಶ್ವಾಸಕೋಶ ಇನ್ನೂ ಬಲಿತಿರುವುದಿಲ್ಲ.

ಇನ್ನೊಂದು ಕಾರಣ ಹೆರಿಗೆ ಕೋಣೆಯಲ್ಲೇ ಇದೆ. ಯೊರುಬಾಗಳು ಮೊದಲು ಹುಟ್ಟಿದ ಅವಳಿಯನ್ನು ತೈವೊ, ಎರಡನೆಯದನ್ನು ಕೆಹಿಂಡೆ ಅನ್ನುತ್ತಾರೆ. ಅವರ ನಂಬಿಕೆಯಲ್ಲಿ ಕೆಹಿಂಡೆಯೇ ದೊಡ್ಡವನು. 'ಲೋಕ ಹೇಗಿದೆ ನೋಡಿಕೊಂಡು ಬಾ' ಅಂತ ತೈವೊನನ್ನು ಮುಂದೆ ಕಳಿಸಿ, ತಾನು ಒಳಗೆ ಕಾಯುತ್ತಾನಂತೆ. ವೈದ್ಯರಿಗೆ ಆತಂಕ ಆ ಕಾಯುವ ಹೊತ್ತಿನದೇ. ಮೊದಲನೆಯದು ಹೊರಬಂದ ಮೇಲೆ ಒಳಗೆ ಜಾಗ ಸಡಿಲವಾಗುತ್ತದೆ. ಎರಡನೆಯದು ಅಡ್ಡ ತಿರುಗಬಹುದು. ಮಗುವಿಗಿಂತ ಮೊದಲೇ ಹೊಕ್ಕುಳಬಳ್ಳಿ ಜಾರಿ ಬಂದರೆ ನಿಮಿಷಗಳ ಲೆಕ್ಕ. ಆಪರೇಷನ್ ಮಾಡುವ ಆಸ್ಪತ್ರೆ ದೂರದ ಪಟ್ಟಣದಲ್ಲಿದ್ದರೆ ಏನು ಮಾಡೋದು?

ಅದಕ್ಕಿಂತ ಸಂಕಟದ ಸಂಗತಿ, ಒಳಗೆ ಇನ್ನೊಂದು ಮಗು ಇದೆ ಅಂತಲೇ ಯಾರಿಗೂ ಗೊತ್ತಿಲ್ಲದಿರೋದು. ಮಗು ಹುಟ್ಟಿದ ತಕ್ಷಣ ತಾಯಿಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಗರ್ಭಕೋಶ ಬಿಗಿಯಾಗಿ ರಕ್ತಸ್ರಾವ ಕಡಿಮೆಯಾಗುತ್ತದೆ, ತಾಯಂದಿರ ಜೀವ ಉಳಿಸುವ ಔಷಧಿ ಅದು. ಒಳಗೆ ಇನ್ನೊಂದು ಮಗು ಇದ್ದರೆ? ಅದೇ ಬಿಗಿತ ಅದರ ಆಮ್ಲಜನಕಕ್ಕೇ ಕುತ್ತು ತರಬಹುದು. ಹಾಗಾಗಿಯೇ ಇಂಜೆಕ್ಷನ್ ಕೊಡುವ ಮೊದಲು ಹೊಟ್ಟೆ ಮುಟ್ಟಿ ನೋಡಿ ಅಂತ ನರ್ಸ್‌ಗಳಿಗೆ ಕಲಿಸುತ್ತಾರೆ. ಅಂಗೈ ಇಟ್ಟು ನೋಡೋದು, ಅಷ್ಟೇ. ಅದಕ್ಕೂ ಮುಂಚೆಯೇ ತಿಳಿಯಲಿ ಅಂದರೆ ಸ್ಕ್ಯಾನಿಂಗ್ ಬೇಕು. ಪ್ರತಿ ಬಸುರಿಗೂ 24 ವಾರದೊಳಗೆ ಒಂದು ಸ್ಕ್ಯಾನ್ ಆಗಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಹೇಳಿತು. ಮೊದಲೇ ಗೊತ್ತಾದರೆ ಆಸ್ಪತ್ರೆಯ ಹತ್ತಿರ ಹೋಗಿ ಉಳಿಯಬಹುದು, ರಕ್ತ ಹೊಂದಿಸಿಟ್ಟುಕೊಳ್ಳಬಹುದು. ಯಾಕಂದರೆ ಅಷ್ಟು ಹಿಗ್ಗಿದ ಗರ್ಭಕೋಶ ಹೆರಿಗೆಯಾದ ಮೇಲೆ ಸರಿಯಾಗಿ ಬಿಗಿಯದೆ, ಬಾಣಂತಿಗೂ ಅಪಾಯ ಜಾಸ್ತಿ.

ಹುಟ್ಟಿದ ಮೇಲೆ ಮಾಡುವಂಥದ್ದೂ ಇದೆ. ಘಾನಾ, ಮಲಾವಿ, ನೈಜೀರಿಯಾ, ತಾಂಜಾನಿಯಾ ಮತ್ತು ನಮ್ಮ ಭಾರತದ ಆಸ್ಪತ್ರೆಗಳಲ್ಲಿ 1ರಿಂದ 1.8 ಕಿಲೋ ತೂಕದ ಕೂಸುಗಳನ್ನು ಹುಟ್ಟಿದ ಕೂಡಲೇ ಬರಿ ಎದೆಗೆ ಅಪ್ಪಿಸಿ ಇಟ್ಟು ನೋಡಿದರು. ಅದರ ಫಲಿತಾಂಶ 2021ರಲ್ಲಿ ಬಂತು. ಸ್ಥಿತಿ ಸುಧಾರಿಸಿದ ಮೇಲೆ ಅಪ್ಪಿಸಿದ ಕೂಸುಗಳಲ್ಲಿ 28 ದಿನದೊಳಗಿನ ಸಾವು ಶೇ. 15.7. ಕೂಡಲೇ ಅಪ್ಪಿಸಿದವುಗಳಲ್ಲಿ ಶೇ. 12. ತಾಯಿಗೆ ಆಗದಿದ್ದಾಗ ಮನೆಯ ಇನ್ನೊಬ್ಬರು ಎದೆಗೆ ಅಪ್ಪಿಕೊಂಡರು. ಅವಳಿಗಳ ಮನೆಯಲ್ಲಿ ಎರಡನೆಯ ಎದೆ ಹೇಗೂ ಬೇಕಲ್ವಾ? ತೈವೊ ಅಮ್ಮನ ಹತ್ತಿರ ಇದ್ದರೆ, ಕೆಹಿಂಡೆ ಅಜ್ಜಿಯ ಸೆರಗಿನೊಳಗೆ.