ಬಾಕಿ ಒಬ್ಬರದ್ದು, ಕೆಂಪು ಇನ್ನೊಬ್ಬರಿಗೆ

ಶಿರಸಿಯ ಅಡಿಕೆ ವಖಾರಿಗಳಿಂದ ನನಗೆ ಬರುವ ಫೋನ್‌ಗಳಲ್ಲಿ ಒಂದು ದೂರು ಜಾಸ್ತಿ. ಎಕ್ಸೆಲ್‌ನಲ್ಲಿ ಬಣ್ಣ ಸರಿಯಾಗಿ ಬರುತ್ತಿಲ್ಲ ಅಂತ. ರೈತರಿಗೆ ಕೊಟ್ಟ ಮುಂಗಡದ ಪಟ್ಟಿ ಇರುತ್ತದೆ. ವಾಯಿದೆ ದಾಟಿಯೂ ಬಾಕಿ ಉಳಿದಿದ್ದರೆ ಆ ಸಾಲು ಕೆಂಪಾಗಬೇಕು. ಅದಕ್ಕೆ ಕಂಡೀಷನಲ್ ಫಾರ್ಮ್ಯಾಟಿಂಗ್, ಅಂದರೆ ಶರತ್ತು ನಿಜವಾದರೆ ತಾನಾಗಿ ಬಣ್ಣ ಬರುವ ರೂಲ್, ಹಾಕಿರುತ್ತಾರೆ.

ಇದು ಸಣ್ಣ ವಿಷಯ ಅಲ್ಲ. ಕೆಂಪು ಸಾಲು ಕಂಡ ಕೂಡಲೇ ಗುಮಾಸ್ತರು ಫೋನ್ ಎತ್ತುತ್ತಾರೆ. ಒಂದು ಕಡೆ ಹೀಗೇ ಆಗಿ, ಪೂರ್ತಿ ಹಣ ತೀರಿಸಿದ್ದ ರೈತರೊಬ್ಬರ ಮನೆಗೆ ಬಾಕಿ ಕೇಳಿ ಫೋನ್ ಹೋಯಿತು. ಅವರಿಗೆ ಎಷ್ಟು ಬೇಜಾರಾಗಿರಬೇಡ!

“ಸರ್, ಫಾರ್ಮುಲಾ ಹತ್ತು ಸಲ ನೋಡಿದೆ. ತಪ್ಪೇ ಕಾಣ್ತಿಲ್ಲ” ಅಂದರು ಆ ಗುಮಾಸ್ತರು. ಅವರು ಹೇಳಿದ್ದು ನಿಜ. ಡಿ ಕಾಲಮ್‌ನಲ್ಲಿ ಬಾಕಿ, ಇ ಕಾಲಮ್‌ನಲ್ಲಿ ವಾಯಿದೆ. ಅವರ ಫಾರ್ಮುಲಾ ಹೀಗಿತ್ತು:

=ಆ್ಯಂಡ್($ಇ2<ಟುಡೇ(),$ಡಿ2>0)

ವಾಯಿದೆ ಇವತ್ತಿಗಿಂತ ಹಿಂದಿನದು, ಬಾಕಿ ಸೊನ್ನೆಗಿಂತ ಜಾಸ್ತಿ, ಎರಡೂ ನಿಜವೇ ಅಂತ ಇದು ಕೇಳುತ್ತದೆ. ಶೀಟಿನಲ್ಲಿ ಇದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕು.

ರೂಲ್ ಬಾಕ್ಸಿನೊಳಗೆ ಫಾರ್ಮುಲಾವನ್ನು ಎಷ್ಟು ದಿಟ್ಟಿಸಿದರೂ ಅದು ಏನೂ ಹೇಳುವುದಿಲ್ಲ. ಹಾಗಾಗಿ ನಾನು ಮೊದಲು ಮಾಡುವ ಕೆಲಸ ಅದನ್ನು ಹೊರಗೆ ತರುವುದು. ಖಾಲಿ ಇರುವ ಜಿ2 ಸೆಲ್‌ನಲ್ಲಿ ಅದೇ ಫಾರ್ಮುಲಾ ಹಾಕಿ ಕೆಳಗಿನವರೆಗೆ ಎಳೆಯಿರಿ. ಪ್ರತಿ ಸಾಲಿಗೂ ಟ್ರೂ ಅಥವಾ ಫಾಲ್ಸ್ ಅಂತ ಉತ್ತರ ಬರುತ್ತದೆ. ಉತ್ತರ ಸರಿ ಇದ್ದು ಬಣ್ಣ ಮಾತ್ರ ತಪ್ಪಿದ್ದರೆ ರೂಲ್ ಹಾಕಿದ ಜಾಗದಲ್ಲಿ ದೋಷ ಇದೆ. ಉತ್ತರವೇ ತಪ್ಪಿದ್ದರೆ ಫಾರ್ಮುಲಾವನ್ನೋ ತುಂಬಿದ ಅಂಕಿಗಳನ್ನೋ ನೋಡಬೇಕು.

ಇಲ್ಲಿ 8ನೇ ಸಾಲಿಗೆ ಟ್ರೂ ಬಂದಿತ್ತು, ಕೆಂಪಾಗಿದ್ದು 7ನೇ ಸಾಲು. ರೂಲ್ ಹಾಕುವಾಗ ಅವರು ತಲೆಬರಹವನ್ನೂ ಸೇರಿಸಿ ಎ1ರಿಂದ ಆಯ್ಕೆ ಮಾಡಿದ್ದರು. ಫಾರ್ಮುಲಾದಲ್ಲಿ ಮಾತ್ರ 2ನೇ ಸಾಲು. ಆಯ್ಕೆ ಮಾಡಿದ ಜಾಗದ ಮೊದಲ ಸೆಲ್‌ಗೆ ಈ ಫಾರ್ಮುಲಾ ಅಂತ ಎಕ್ಸೆಲ್ ತಿಳಿಯುತ್ತದೆ. ಆದ್ದರಿಂದ 1ನೇ ಸಾಲು 2ನ್ನು ನೋಡಿತು, 7ನೇ ಸಾಲು 8ನ್ನು ನೋಡಿತು. ಬಾಕಿ ಇದ್ದವರ ಮೇಲಿನ ಸಾಲಿನಲ್ಲಿದ್ದರು ಅನ್ನುವುದಷ್ಟೇ ಆ ರೈತರ ತಪ್ಪು. ಮ್ಯಾನೇಜ್ ರೂಲ್ಸ್‌ಗೆ ಹೋಗಿ ‘ಅಪ್ಲೈಸ್ ಟು’ ಜಾಗವನ್ನು ಎ2ರಿಂದ ಶುರು ಮಾಡಿದೆವು. ನಂತರ ಫಾರ್ಮುಲಾ ಇನ್ನೂ 2ನೇ ಸಾಲನ್ನೇ ತೋರಿಸುತ್ತಿದೆಯೇ ಅಂತ ಮತ್ತೊಮ್ಮೆ ತೆರೆದು ನೋಡಿದೆವು. ಇದನ್ನು ತಪ್ಪಿಸಬೇಡಿ.

ಡಾಲರ್ ಚಿಹ್ನೆಯೂ ಇಲ್ಲೇ ಕಾಟ ಕೊಡುತ್ತದೆ. ಇ ಅಕ್ಷರದ ಮುಂದೆ ಡಾಲರ್ ಬಿಟ್ಟರೆ ಎ ಕಾಲಮ್ ಇ ಅನ್ನು ನೋಡುತ್ತದೆ, ಬಿ ಕಾಲಮ್ ಎಫ್ ಅನ್ನು ನೋಡುತ್ತದೆ. ಹಾಗಾಗಿ ಸಾಲಿನಲ್ಲಿ ಅಲ್ಲಲ್ಲಿ ಬಣ್ಣ. 2ರ ಮುಂದೆಯೂ ಡಾಲರ್ ಹಾಕಿದರೆ ಎಲ್ಲ ಸಾಲೂ 2ನೇ ಸಾಲನ್ನೇ ನೋಡಿ, ಪಟ್ಟಿಗೆ ಪಟ್ಟಿಯೇ ಒಂದೇ ಬಣ್ಣ.

ಅದೇ ಪಟ್ಟಿಯಲ್ಲಿ ಇನ್ನೊಂದು ತೊಂದರೆ ಇತ್ತು. ಹಣ ತೀರಿಸಿದ ಕೆಲವರಿಗೆ ಜಿ ಕಾಲಮ್ಮೇ ಟ್ರೂ ಅನ್ನುತ್ತಿತ್ತು. ಆ ಸೆಲ್‌ಗಳಲ್ಲಿ ‘0/-’ ಅಂತ ಬರೆದಿತ್ತು. ಒಂದೆರಡು ಕಡೆ ‘ನಿಲ್’. ಲೆಕ್ಕದ ಪುಸ್ತಕದಲ್ಲಿ ಬರೆದು ಬಂದ ರೂಢಿ ಅದು, ಸಹಜವೇ. ಆದರೆ ಎಕ್ಸೆಲ್‌ಗೆ ಅದು ಅಂಕಿ ಅಲ್ಲ, ಅಕ್ಷರ. ಅಕ್ಷರವನ್ನೂ ಅಂಕಿಯನ್ನೂ ಹೋಲಿಸಿದರೆ ಎಕ್ಸೆಲ್‌ನಲ್ಲಿ ಯಾವಾಗಲೂ ಅಕ್ಷರವೇ ದೊಡ್ಡದು. ಅಲ್ಲಿಗೆ ‘ನಿಲ್’ ಕೂಡ ಸೊನ್ನೆಗಿಂತ ಜಾಸ್ತಿ ಆಯಿತು! ಸೆಲ್‌ನಲ್ಲಿ ಬರೀ 0 ಬರೆಯಿರಿ. ಗೀಟು ಕಾಣಲೇಬೇಕು ಅಂತಿದ್ದರೆ ಕಸ್ಟಮ್ ನಂಬರ್ ಫಾರ್ಮ್ಯಾಟ್‌ನಲ್ಲಿ 0"/-" ಅಂತ ಕೊಡಿ.

ತಾರೀಖಿನಲ್ಲಿ ಇದು ಉಲ್ಟಾ ಕೆಲಸ ಮಾಡುತ್ತದೆ. ಕಂಪ್ಯೂಟರಿನ ರೀಜನ್ (ಯಾವ ದೇಶ ಅನ್ನುವ ಸೆಟ್ಟಿಂಗ್) ಅಮೆರಿಕದ್ದಾಗಿದ್ದರೆ 25/03/2024 ಅಕ್ಷರವಾಗಿ ಕೂರುತ್ತದೆ, ಏಕೆಂದರೆ 25ನೇ ತಿಂಗಳು ಇಲ್ಲ. ಅಕ್ಷರ ಇವತ್ತಿನ ತಾರೀಖಿಗಿಂತ ಎಂದೂ ಚಿಕ್ಕದಾಗುವುದಿಲ್ಲ. ಬಾಕಿ ಇದ್ದರೂ ಆ ಸಾಲು ಬಿಳಿಯಾಗೇ ಉಳಿಯುತ್ತದೆ. 05/04/2024 ಇನ್ನೂ ಅಪಾಯ. ಅದು ಸದ್ದಿಲ್ಲದೆ ಮೇ 4 ಆಗಿಬಿಡುತ್ತದೆ. ಸೆಲ್‌ನಲ್ಲಿರುವುದು ಅಂಕಿಯೇ ಅಂತ ಹೇಳುವ ಈಸ್‌ನಂಬರ್ ಫಾರ್ಮುಲಾ ಹಾಕಿ ನೋಡಿದರೆ ಮೊದಲನೆಯದು ಸಿಕ್ಕಿಬೀಳುತ್ತದೆ, ಎರಡನೆಯದು ಸಿಗುವುದಿಲ್ಲ. ಅದಕ್ಕೆ ಚೀಟಿ ಎದುರಿಗಿಟ್ಟುಕೊಂಡು ಒಂದೊಂದೇ ತಾಳೆ ನೋಡಬೇಕು. ರೀಜನ್ ಅನ್ನು ಭಾರತಕ್ಕೆ ಬದಲಿಸಿದರೆ ಮುಂದೆ ತುಂಬುವ ತಾರೀಖುಗಳು ಸರಿಯಾಗುತ್ತವೆ, ಹಳೆಯವು ತಾವಾಗಿ ಸರಿಯಾಗುವುದಿಲ್ಲ.

ವಾಯಿದೆ ಖಾಲಿ ಬಿಟ್ಟರೆ ಎಕ್ಸೆಲ್ ಅದನ್ನು ಸೊನ್ನೆ ಅಂತ ತಿಳಿಯುತ್ತದೆ. ಆಗ ಬಾಕಿ ಇರುವ ಸಾಲು ಕೆಂಪಾಗುತ್ತದೆ. ಆ್ಯಂಡ್ ಒಳಗೆ $ಇ2<>"" ಅಂತ ಇನ್ನೊಂದು ಶರತ್ತು ಸೇರಿಸಿ. ಇದನ್ನು ವಾಟ್ಸಾಪ್‌ನಿಂದ ಕಾಪಿ ಮಾಡಬೇಡಿ, ಉದ್ಧರಣ ಚಿಹ್ನೆ ಬಾಗಿದ ರೂಪದಲ್ಲಿ ಬಂದರೆ ಫಾರ್ಮುಲಾ ನಡೆಯುವುದಿಲ್ಲ. ರೂಲ್ ಬಾಕ್ಸಿನಲ್ಲಿ ತಿದ್ದುವಾಗ ಬಾಣದ ಕೀಲಿ ಒತ್ತಿದರೆ ಬೇಡದ ಸೆಲ್ ಹೆಸರು ನುಗ್ಗುತ್ತದೆ. ಮೊದಲು ಎಫ್2 ಕೀಲಿ ಒತ್ತಿ, ಆಮೇಲೆ ಬಾಣ ಬಳಸಿ.