ಮಗ್ಗಿ ಒಪ್ಪಿಸುವ ಫೈಲು, 50 ಸಾವಿರದ ಕಂಪ್ಯೂಟರ್

ಕಳೆದ ವರ್ಷ ಅಕ್ಕನ ಮಗಳು ವಾಟ್ಸಾಪ್‌ನಲ್ಲಿ ಒಂದು ಚೀಟಿಯ ಫೋಟೊ ಕಳಿಸಿದಳು. ಕಂಪ್ಯೂಟರ್ ಅಂಗಡಿಯವರು ಬರೆದುಕೊಟ್ಟ ಕೊಟೇಶನ್. ಅವಳು ಮೈಸೂರಿನಲ್ಲಿ ಪತ್ರಿಕೋದ್ಯಮ ಓದುತ್ತಿದ್ದಾಳೆ. ಫೋನಿನಲ್ಲಿ 4ಕೆ ವಿಡಿಯೊ ತೆಗೆದು ಸಣ್ಣ ಸಣ್ಣ ಸಾಕ್ಷ್ಯಚಿತ್ರ ಮಾಡುತ್ತಾಳೆ. ಹಳೇ ಲ್ಯಾಪ್‌ಟಾಪ್‌ನಲ್ಲಿ ಎಡಿಟ್ ಮಾಡಲು ಕೂತರೆ ಎರಡು ಸೆಕೆಂಡಿಗೊಮ್ಮೆ ಸ್ಟ್ರಕ್. ಟ್ಯೂಷನ್ ಹೇಳಿ ಕೂಡಿಟ್ಟದ್ದು, ಮನೆಯವರು ಕೊಟ್ಟದ್ದು ಎಲ್ಲಾ ಸೇರಿ ಕೈಯಲ್ಲಿ 50 ಸಾವಿರ ರೂಪಾಯಿ ಇತ್ತು. ‘ಮಾಮ, ಇದು ಸರಿ ಇದೆಯಾ ನೋಡು’ ಅಂತ ಕೆಳಗೆ ಬರೆದಿದ್ದಳು.

ಚೀಟಿಯಲ್ಲಿ ಹತ್ತಿರ ಹತ್ತಿರ ಅರ್ಧ ದುಡ್ಡು ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಿತ್ತು. ಪ್ರೊಸೆಸರ್ ಇಂಟೆಲ್ ಕೋರ್ ಐ5 12400ಎಫ್. ರ‍್ಯಾಮ್ 8 ಜಿಬಿಯ ಒಂದೇ ಸ್ಟಿಕ್. ಎಸ್‌ಎಸ್‌ಡಿ 256 ಜಿಬಿ. ಜೊತೆಗೆ ಬಣ್ಣದ ಲೈಟು ಬಿಡುವ ನಾಲ್ಕು ಫ್ಯಾನಿನ ಕ್ಯಾಬಿನೆಟ್. ಗೇಮ್ ಆಡುವವರಿಗೆ ಇದು ನಡೆಯುತ್ತದೆ. ಎಡಿಟಿಂಗ್ ಕಲಿಯುವ ಹುಡುಗಿಗೆ ಪೂರ್ತಿ ತಲೆಕೆಳಗು.

ಅಂಗಡಿಯವರು ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಅವರೂ ನಂಬಿದ್ದನ್ನೇ ಬರೆದುಕೊಟ್ಟಿದ್ದರು. ‘ಕಾರ್ಡ್ ಇಲ್ಲದೆ 4ಕೆ ಓಡಲ್ಲ’ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ. ಯಾಕೆ ಓಡಲ್ಲ ಅಂತ ಕೇಳಿ ನೋಡಿ, ಉತ್ತರ ಸಿಗಲ್ಲ. ಕಾರಣ ಗೊತ್ತಿಲ್ಲದೆ ಬಾಯಿಂದ ಬಾಯಿಗೆ ದಾಟುವ ನಂಬಿಕೆ ಯಾವ ವಿಷಯದ್ದಾದರೂ ಮೂಢನಂಬಿಕೆಯೇ. ಈ ಮೂಢನಂಬಿಕೆ ವಿದ್ಯಾರ್ಥಿಗಳ ದುಡ್ಡು ತಿನ್ನುತ್ತಿದೆ. ಅದಕ್ಕೇ ನನಗೆ ಸಿಟ್ಟು.

ಹಾಗಾದರೆ ಸ್ಟ್ರಕ್ ಆಗುವುದು ಯಾಕೆ? ಲೆಕ್ಕ ಹಾಕೋಣ.

4ಕೆ ಚಿತ್ರದಲ್ಲಿ ಅಗಲಕ್ಕೆ 3840, ಎತ್ತರಕ್ಕೆ 2160 ಚುಕ್ಕಿ. ಒಟ್ಟು 82,94,400. ಒಂದೊಂದು ಚುಕ್ಕಿಗೂ ಕೆಂಪು, ಹಸಿರು, ನೀಲಿ ಅಂತ ಮೂರು ಬೈಟ್ ಹಿಡಿದರೆ ಒಂದು ಫ್ರೇಮಿಗೆ ಸುಮಾರು 25 ಎಂಬಿ. ಸೆಕೆಂಡಿಗೆ 30 ಫ್ರೇಮ್ ಅಂದರೆ ಒಂದು ನಿಮಿಷಕ್ಕೆ ಸುಮಾರು 45 ಜಿಬಿ ಆಯಿತು. ಆದರೆ ನಿಮ್ಮ ಫೋನಿನಲ್ಲಿ ಒಂದು ನಿಮಿಷದ 4ಕೆ ಫೈಲು ಎಷ್ಟಿರುತ್ತದೆ? ವಿಡಿಯೊವನ್ನು ಕುಗ್ಗಿಸಿಡುವ ಎಚ್.264 ಎಂಬ ವಿಧಾನದಲ್ಲಿ 350 ಎಂಬಿ ಆಸುಪಾಸು. ನೂರಕ್ಕೂ ಹೆಚ್ಚು ಪಟ್ಟು ಸಣ್ಣದು! ಸೆಕೆಂಡಿಗೆ 6 ಎಂಬಿ ಅಷ್ಟೇ. ಹಳೇ ಹಾರ್ಡ್‌ಡಿಸ್ಕ್ ಕೂಡ ಸೆಕೆಂಡಿಗೆ 100 ಎಂಬಿ ಆರಾಮಾಗಿ ಓದುತ್ತದೆ. ಅಂದರೆ ಡಿಸ್ಕ್ ನಿಧಾನ ಅಂತ ವಿಡಿಯೊ ನಿಲ್ಲುತ್ತಿಲ್ಲ. ಡಿಸ್ಕಿನಿಂದ ಬಂದ ಆ ಪುಟ್ಟ ಗಂಟನ್ನು ಬಿಚ್ಚಲು ಆಗದೆ ನಿಲ್ಲುತ್ತಿದೆ.

ಗಂಟು ಕಟ್ಟುವುದಕ್ಕೆ ಎರಡು ಉಪಾಯಗಳಿವೆ. ಮೊದಲನೆಯದನ್ನು ನೆನೆದಾಗಲೆಲ್ಲ ನನಗೆ ಖುಷಿ, ಯಾಕೆಂದರೆ ಅದರ ಹಿಂದೆ ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬರಿದ್ದಾರೆ. ನಾಸಿರ್ ಅಹ್ಮದ್, ಹುಟ್ಟಿದ್ದು 1940ರಲ್ಲಿ. ಕೆ.ಆರ್. ಸರ್ಕಲ್ ಹತ್ತಿರ ಇವತ್ತು ಯುವಿಸಿಇ ಅಂತ ಕರೆಯುವ ಕಾಲೇಜಿನಲ್ಲಿ 1961ರಲ್ಲಿ ಬಿ.ಇ. ಮುಗಿಸಿ ಅಮೆರಿಕಕ್ಕೆ ಹೋದರು. 1972ರಲ್ಲಿ ಒಂದು ಯೋಚನೆ ಹಿಡಿದುಕೊಂಡು ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಶನ್ ಹತ್ತಿರ ಸಂಶೋಧನೆಗೆ ಹಣ ಕೇಳಿದರು. ಕೊಡಲಿಲ್ಲ. ಇದು ತೀರಾ ಸರಳವಾಯಿತು ಎಂಬ ಅರ್ಥದ ಮಾತನ್ನು ಪರಿಶೀಲಕರೊಬ್ಬರು ಹೇಳಿದ್ದರು ಅಂತ ಅವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಅಹ್ಮದ್ ಬಿಡಲಿಲ್ಲ. 1973ರ ಇಡೀ ಬೇಸಿಗೆಯನ್ನು ಅದಕ್ಕೇ ಕೊಟ್ಟರು. ತಮ್ಮ ವಿದ್ಯಾರ್ಥಿ ಟಿ. ನಟರಾಜನ್, ಟೆಕ್ಸಾಸ್‌ನಲ್ಲಿದ್ದ ಗೆಳೆಯ ಕೆ. ಆರ್. ರಾವ್ ಜೊತೆ ಸೇರಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. ಅದೇ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್, ಸಣ್ಣದಾಗಿ ಡಿಸಿಟಿ.

ಮನೆಯಲ್ಲಿ ಮಾಡಿದ ಹುಳಿ ಹೇಗಿತ್ತು ಅಂತ ದೂರದಲ್ಲಿರುವ ಮಗಳಿಗೆ ಹೇಗೆ ತಿಳಿಸುತ್ತೀರಿ? ಪಾತ್ರೆಯ ಒಂದೊಂದು ಚಮಚದ ರುಚಿಯನ್ನೂ ಹೇಳುತ್ತಾ ಕೂರಲ್ಲ. ಇಷ್ಟು ಬೇಳೆ, ಇಷ್ಟು ಹುಣಸೆ, ಇಷ್ಟು ಪುಡಿ ಅನ್ನುತ್ತೀರಿ. ಅವಳು ಅಲ್ಲಿ ಅದೇ ಹುಳಿ ಮಾಡಿಕೊಳ್ಳುತ್ತಾಳೆ. ಡಿಸಿಟಿ ಮಾಡುವುದೂ ಇದನ್ನೇ. ಚಿತ್ರದಿಂದ ಎಂಟಕ್ಕೆ ಎಂಟರ ಒಂದು ಚೌಕ ತೆಗೆದುಕೊಳ್ಳಿ. ಅದರಲ್ಲಿ 64 ಚುಕ್ಕಿ. ಅವನ್ನು ಬರೆಯುವ ಬದಲು 64 ಡಬ್ಬಿಗಳ ಮಸಾಲೆ ಪೆಟ್ಟಿಗೆ ತೆರೆಯಿರಿ. ಮೊದಲ ಡಬ್ಬಿಯಲ್ಲಿ ಇಡೀ ಚೌಕದ ಸರಾಸರಿ ಬಣ್ಣ. ಎರಡನೆಯದರಲ್ಲಿ ಎಡದಿಂದ ಬಲಕ್ಕೆ ಮೆಲ್ಲಗೆ ಮಸುಕಾಗುವ ಛಾಯೆ. ಹೀಗೇ ಮುಂದೆ ಹೋದಂತೆ ಪಟ್ಟೆಗಳು ಸಣ್ಣಗಾಗುತ್ತಾ ಕೊನೆಯ ಡಬ್ಬಿಯಲ್ಲಿ ಎಳ್ಳಿನಷ್ಟು ಸಣ್ಣ ಚೌಕಳಿ. ಯಾವ ಡಬ್ಬಿಯಿಂದ ಎಷ್ಟು ಹಾಕಬೇಕು ಅಂತ ಮಾತ್ರ ಬರೆದಿಡುವುದು. ಆಕಾಶ, ಗೋಡೆ, ಕೆನ್ನೆ, ಗದ್ದೆ, ಇಂಥ ಕಡೆ ಮೊದಲ ಐದಾರು ಡಬ್ಬಿಗಳಲ್ಲೇ ಕೆಲಸ ಮುಗಿಯುತ್ತದೆ. ಉಳಿದವು ಸೊನ್ನೆ ಅಥವಾ ಸೊನ್ನೆಗೆ ಹತ್ತಿರ. ಅವನ್ನು ಬಿಟ್ಟರೆ ನಮ್ಮ ಕಣ್ಣಿಗೆ ಗೊತ್ತೇ ಆಗಲ್ಲ. 1992ರ ಜೆಪೆಗ್ ಚಿತ್ರ ನಿಂತಿರುವುದು ಇದರ ಮೇಲೆ. 2003ರ ಎಚ್.264, 2013ರ ಎಚ್‌ಇವಿಸಿ ಬಳಸುವುದೂ ಇದರದೇ ಹತ್ತಿರದ ನೆಂಟರನ್ನು.

ಎಡಿಟರ್‌ಗಳ ತಲೆನೋವು ಶುರುವಾಗುವುದು ಎರಡನೇ ಉಪಾಯದಿಂದ.

ವಿಡಿಯೊ ಅಂದರೆ ಒಂದರ ಹಿಂದೆ ಒಂದು ಫೋಟೊ ಜೋಡಿಸಿಟ್ಟದ್ದು ಅಂತ ನಾವು ಅಂದುಕೊಂಡಿರುತ್ತೇವೆ. ಫೋನಿನ ಫೈಲು ಹಾಗಿಲ್ಲ. ಅದರಲ್ಲಿ ಪೂರ್ತಿ ಚಿತ್ರ ಇರುವುದು ಸಾಮಾನ್ಯವಾಗಿ ಒಂದು ಸೆಕೆಂಡಿನ ಆಸುಪಾಸಿಗೊಂದು. ಮಿಕ್ಕ ಫ್ರೇಮುಗಳಲ್ಲಿ ಏನು ಬದಲಾಯಿತು ಅಂತ ಮಾತ್ರ ಬರೆದಿರುತ್ತದೆ. ‘ಹಿಂದಿನ ಚಿತ್ರದ ಈ ಚೌಕವನ್ನು ಮೂರು ಚುಕ್ಕಿ ಬಲಕ್ಕೆ ಸರಿಸು, ಸ್ವಲ್ಪ ಬೆಳಕು ಸೇರಿಸು’ ಅಂತ. ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ನೆನಪಿಸಿಕೊಳ್ಳಿ. ತಿಂಗಳ ಮೊದಲಲ್ಲಿ ಹಳೇ ಬಾಕಿ ಬರೆದಿರುತ್ತಾರೆ. ಆಮೇಲೆ ದಿನದಿನದ ಕೊಟ್ಟದ್ದು, ತಗೊಂಡದ್ದು. 23ನೇ ತಾರೀಕಿನ ಬಾಕಿ ಎಷ್ಟು ಅಂದರೆ 1ರಿಂದ ಕೂಡಿಸಿಕೊಂಡೇ ಬರಬೇಕು. ಇಷ್ಟೇ ಆಗಿದ್ದರೆ ಸರಿ. ಕೆಲವು ಫ್ರೇಮುಗಳು ಹಿಂದಿನ ಚಿತ್ರದ ಜೊತೆಗೆ ಮುಂದೆ ಬರುವ ಚಿತ್ರದಿಂದಲೂ ಸಾಲ ತರುತ್ತವೆ. 23ರ ಲೆಕ್ಕಕ್ಕೆ 26ರ ಪುಟವನ್ನು ಮೊದಲು ಬಿಡಿಸಬೇಕು!

ಇನ್ನೂ ಚೆನ್ನಾಗಿ ಹೇಳಬೇಕೆಂದರೆ ಮಗ್ಗಿ. ಎರಡನೇ ಕ್ಲಾಸಿನ ಮಗುವನ್ನು ‘ಏಳು ಎಂಟ್ಲಿ ಎಷ್ಟು?’ ಅಂತ ಕೇಳಿ. ತಟ್ಟನೆ ಹೇಳಲ್ಲ. ಏಳೊಂದ್ಲಿ ಏಳು, ಏಳೆರಡ್ಲಿ ಹದಿನಾಲ್ಕು ಅಂತ ಒಳಗೊಳಗೇ ಒಪ್ಪಿಸಿಕೊಂಡು ಎಂಟಕ್ಕೆ ಬಂದು ಉತ್ತರ ಹೇಳುತ್ತದೆ. ನೇರವಾಗಿ ಮಗ್ಗಿ ಹೇಳು ಅಂದರೆ ಅದೇ ಮಗು ಪಟಪಟ ಹೇಳುತ್ತದೆ. ಫೋನಿನಲ್ಲಿ ವಿಡಿಯೊ ನೋಡುವುದು ಅಂದರೆ ಮಗ್ಗಿಯನ್ನು ನೇರವಾಗಿ ಹೇಳಿಸುವುದು. ಎಡಿಟಿಂಗ್ ಅಂದರೆ ನಡುವಿನಿಂದ ಕೇಳುವುದು, ಅಲ್ಲಿಂದ ಇಲ್ಲಿಗೆ ಹಾರುವುದು, ಉಲ್ಟಾ ಹೇಳಿಸುವುದು. ಟೈಮ್‌ಲೈನ್ ಮೇಲೆ ನೀವು ಮೌಸ್ ಎಳೆದಾಗ ಪ್ರತಿ ಸಲವೂ ಕಂಪ್ಯೂಟರ್ ಹಿಂದಿನ ಪೂರ್ತಿ ಚಿತ್ರಕ್ಕೆ ಓಡಿ, ಅಲ್ಲಿಂದ ಒಪ್ಪಿಸಿಕೊಂಡು ಬರುತ್ತದೆ. ಎಚ್.264 ಚಿತ್ರವನ್ನು 16ಕ್ಕೆ 16ರ ಚೌಕಗಳಾಗಿ ನೋಡುತ್ತದೆ. 4ಕೆ ಫ್ರೇಮಿನಲ್ಲಿ ಅಂಥ 32,400 ಚೌಕ. ಸೆಕೆಂಡಿಗೆ 9,72,000. ಎಲ್ಲಿ ಸ್ಟ್ರಕ್ ಆಗುತ್ತಿತ್ತು ಅಂತ ಈಗ ಗೊತ್ತಾಯಿತು ಅಲ್ವಾ?

ದೊಡ್ಡ ಗ್ರಾಫಿಕ್ಸ್ ಕಾರ್ಡ್‌ನಲ್ಲಿ ಕೋರ್ ಅನ್ನುವ, ಲೆಕ್ಕ ಮಾಡುವ ಸಣ್ಣ ಘಟಕಗಳು ಸಾವಿರಾರು ಇರುತ್ತವೆ, ಅವೆಲ್ಲ ಸೇರಿ ಬಿಚ್ಚಲಿ ಅನ್ನಬಹುದು. ಆಗಲ್ಲ. ಈ ಫೈಲುಗಳಲ್ಲಿ ಒಂದು ಬಿಟ್‌ನ ಅರ್ಥ ಅದರ ಹಿಂದಿನ ಬಿಟ್‌ಗಳ ಮೇಲೆ ನಿಂತಿರುತ್ತದೆ. ಮಲ್ಲಿಗೆ ದಂಡೆಯ ದಾರ ಬಿಚ್ಚುವಾಗ ಸುತ್ತ ಹತ್ತು ಜನ ಕೂತರೂ ಎಳೆಯಬೇಕಾದ ತುದಿ ಒಂದೇ ಇರುತ್ತದೆ, ಹಾಗೆ. ಅದಕ್ಕೇ ಚಿಪ್ ಮಾಡುವವರು ಬಿಚ್ಚುವುದಕ್ಕೆಂದೇ ಒಂದು ಸಣ್ಣ ಸರ್ಕ್ಯೂಟನ್ನು ಬೇರೆಯಾಗಿ ಇಡುತ್ತಾರೆ. ಅದಕ್ಕೆ ಬೇರೇನೂ ಬರಲ್ಲ, ಇದೊಂದರಲ್ಲಿ ಮಾತ್ರ ಗಟ್ಟಿ. ನಿಮ್ಮ ಫೋನಿನಲ್ಲೂ ಅಂಥದ್ದೊಂದು ಇದೆ. ಒಂದೇ ತಲೆಮಾರಿನ ಅಗ್ಗದ ಕಾರ್ಡ್‌ನಲ್ಲೂ ದುಬಾರಿ ಕಾರ್ಡ್‌ನಲ್ಲೂ ಎಷ್ಟೋ ಸಲ ಈ ಸರ್ಕ್ಯೂಟ್ ಒಂದೇ ಆಗಿರುತ್ತದೆ. ಜಾಸ್ತಿ ದುಡ್ಡು ಕೊಟ್ಟರೂ ಬಿಚ್ಚುವ ಕೈ ಅದೇ.

ಈಗ ಚೀಟಿಗೆ ಬರೋಣ. ಇಂಟೆಲ್ 2011ರಲ್ಲೇ ಇಂಥ ಸರ್ಕ್ಯೂಟನ್ನು ಪ್ರೊಸೆಸರಿನ ಒಳಗಿನ ಗ್ರಾಫಿಕ್ಸ್ ಜೊತೆ ಸೇರಿಸಿತು. ಹೆಸರು ಕ್ವಿಕ್ ಸಿಂಕ್. ಐ5 12400ರಲ್ಲಿ ಅದು ಇದೆ. 12400ಎಫ್‌ನಲ್ಲಿ ಇಲ್ಲ. ಆ ‘ಎಫ್’ ಅಕ್ಷರದ ಅರ್ಥವೇ ಒಳಗಿನ ಗ್ರಾಫಿಕ್ಸ್ ಇಲ್ಲ ಅಂತ. ಸ್ವಲ್ಪ ದುಡ್ಡು ಉಳಿಸಲು ಎಫ್ ಬರೆದು, ಅದು ಇಲ್ಲದ್ದಕ್ಕೆ ದೊಡ್ಡ ದುಡ್ಡು ಕೊಟ್ಟು ಕಾರ್ಡ್ ಹಾಕಿದ್ದರು. ಇನ್ನೊಂದು ವಿಷಯ ಕೇಳಿ. ಕೆಲವು ಮಿರರ್‌ಲೆಸ್ ಕ್ಯಾಮೆರಾಗಳು ಬಣ್ಣದ ವಿವರ ಜಾಸ್ತಿ ಇರುವ 10 ಬಿಟ್ 4:2:2 ಎಚ್‌ಇವಿಸಿ ಫೈಲು ಕೊಡುತ್ತವೆ. ಅದನ್ನು ಬಿಚ್ಚುವ ಶಕ್ತಿ ಈ ಅಗ್ಗದ ಐ5ಗೆ ಇದೆ. ಎನ್ವಿಡಿಯಾದ ಗೇಮಿಂಗ್ ಕಾರ್ಡ್‌ಗಳಿಗೆ ಅದು ಬಂದದ್ದು 2025ರ 50 ಸರಣಿಯಿಂದ. ಒಂದು ಎಚ್ಚರಿಕೆ: ಸರ್ಕ್ಯೂಟ್ ಇದ್ದರೆ ಸಾಲದು, ಸಾಫ್ಟ್‌ವೇರ್ ಅದನ್ನು ಬಳಸಬೇಕು. ಉಚಿತ ಆವೃತ್ತಿ, ದುಡ್ಡಿನ ಆವೃತ್ತಿಗಳಲ್ಲಿ ಈ ಸವಲತ್ತು ಬೇರೆ ಬೇರೆ ಇರಬಹುದು. ಕೊಳ್ಳುವ ಮೊದಲೇ ನೋಡಿಕೊಳ್ಳಿ.

ಸಾಫ್ಟ್‌ವೇರ್ ಬಳಸದಿದ್ದರೂ ದಾರಿ ಇದೆ. ಅದೇ ಪ್ರಾಕ್ಸಿ. ಮೂಲ ಫೈಲನ್ನು ಹಾಗೇ ಇಟ್ಟು, ಪ್ರತಿ ಫ್ರೇಮೂ ಪೂರ್ತಿ ಚಿತ್ರವಾಗಿರುವ ಒಂದು ಸಣ್ಣ ಪ್ರತಿ ಮಾಡಿಕೊಳ್ಳುವುದು. ಅದರಲ್ಲಿ ಎಡಿಟ್ ಮಾಡಿ, ಕೊನೆಗೆ ಎಕ್ಸ್‌ಪೋರ್ಟ್ ಮಾಡುವಾಗ ಮೂಲ ಫೈಲಿಗೆ ಮರಳುವುದು. ಇಂಥ ಪ್ರತಿಗಳ ಒಂದು ಬಗೆಯಾದ ಪ್ರೊರೆಸ್ ಪ್ರಾಕ್ಸಿ 1080ರಲ್ಲಿ ಸೆಕೆಂಡಿಗೆ 45 ಮೆಗಾಬಿಟ್, ಅಂದರೆ 6 ಎಂಬಿ ಹತ್ತಿರ ತೆಗೆದುಕೊಳ್ಳುತ್ತದೆ. ಚುಕ್ಕಿಗಳು 4ಕೆಯ ಕಾಲು ಭಾಗ, ಆದರೂ ಫೈಲಿನ ಗಾತ್ರ ಹೆಚ್ಚುಕಡಿಮೆ ಮೂಲದಷ್ಟೇ. ಮಗ್ಗಿಯ ಪ್ರತಿ ಸಾಲಿನ ಉತ್ತರವನ್ನೂ ಗೋಡೆಗೆ ಅಂಟಿಸಿದ ಹಾಗೆ, ಜಾಗ ತಿನ್ನುತ್ತದೆ, ಆದರೆ ಕೇಳಿದ ತಕ್ಷಣ ಸಿಗುತ್ತದೆ. ಡಾವಿಂಚಿ ರಿಸಾಲ್ವ್, ಕೆಡೆನ್‌ಲೈವ್, ಶಾಟ್‌ಕಟ್ ಈ ಮೂರು ಎಡಿಟಿಂಗ್ ಸಾಫ್ಟ್‌ವೇರ್‌ಗಳಲ್ಲೂ ಪ್ರಾಕ್ಸಿ ಮಾಡಲು ಒಂದು ಕಾಸು ಕೊಡಬೇಕಿಲ್ಲ.

ಇದು ಬಡವರ ಅಡ್ಡದಾರಿ ಅಂತ ಯಾರಾದರೂ ಅಂದರೆ ನಂಬಬೇಡಿ. ಕನ್ನಡ ಚಿತ್ರಗಳ ಕೆಲಸ ಮದ್ರಾಸಿನ ಸ್ಟುಡಿಯೊಗಳಲ್ಲಿ ನಡೆಯುತ್ತಿದ್ದ ಕಾಲದಲ್ಲೂ ಎಡಿಟರ್ ನೆಗೆಟಿವ್ ಮುಟ್ಟುತ್ತಿರಲಿಲ್ಲ. ಅದರಿಂದ ರಷ್ ಪ್ರಿಂಟ್ ಎಂಬ ಕೆಲಸದ ಪ್ರತಿ ತೆಗೆಸಿ ಅದನ್ನು ಕತ್ತರಿಸಿ ಅಂಟಿಸುತ್ತಿದ್ದರು. ಎಲ್ಲಾ ಒಪ್ಪಿಗೆಯಾದ ಮೇಲೆ ಫಿಲ್ಮಿನ ಅಂಚಿನ ನಂಬರು ನೋಡಿ ನೆಗೆಟಿವ್ ಕತ್ತರಿಸುತ್ತಿದ್ದರು. ಪ್ರಾಕ್ಸಿ ಅಂದರೆ ನಮ್ಮ ಕಾಲದ ರಷ್ ಪ್ರಿಂಟ್.

ಗ್ರಾಫಿಕ್ಸ್ ಕಾರ್ಡ್ ಬೇಡವೇ ಬೇಡ ಅಂತಲ್ಲ. ಬಿಚ್ಚಿದ ಚಿತ್ರಕ್ಕೆ ಬಣ್ಣ ತಿದ್ದುವುದು, ಕತ್ತಲ ದೃಶ್ಯದಲ್ಲಿ ಕಾಳಿನ ಹಾಗೆ ಕಾಣುವ ಚುಕ್ಕಿ ತೆಗೆಯುವುದು, ಎಫೆಕ್ಟ್ ಹಾಕುವುದು, ಇಲ್ಲಿ ಸಾವಿರ ಕೋರ್‌ಗಳಿಗೆ ನಿಜವಾಗಿ ಕೆಲಸ ಇದೆ. ಬಣ್ಣ ತಿದ್ದುವಾಗ ಸಾಫ್ಟ್‌ವೇರ್ ಒಂದು ಚುಕ್ಕಿಗೆ 16 ಬೈಟ್‌ವರೆಗೂ ಬಳಸಬಹುದು. ಆಗ ಒಂದು 4ಕೆ ಫ್ರೇಮಿಗೆ ಸುಮಾರು 133 ಎಂಬಿ, ಒಂದು ಸೆಕೆಂಡಿಗೆ 4 ಜಿಬಿ. ಈ ಲೆಕ್ಕ ನೋಡಿದರೆ 8 ಜಿಬಿ ರ‍್ಯಾಮ್ ಯಾಕೆ ಸಾಲದು ಅಂತ ಯಾರೂ ವಿವರಿಸಬೇಕಿಲ್ಲ. 16 ಜಿಬಿ ಬೇಕು, ಅದೂ 8ರ ಎರಡು ಸ್ಟಿಕ್. ಡಿಡಿಆರ್4 3200ರ ಒಂದು ಸ್ಟಿಕ್ ಸೆಕೆಂಡಿಗೆ 25.6 ಜಿಬಿ ಸಾಗಿಸುತ್ತದೆ, ಎರಡು ಜೊತೆಯಾದರೆ 51.2. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ, ಅದೂ ಇದೇ ದಾರಿಯಲ್ಲಿ ಓಡಾಡುತ್ತದೆ. ಆದ್ದರಿಂದ ಈ ಅಗಲ ಅದಕ್ಕೆ ದೊಡ್ಡ ವರ.

ಚೀಟಿಯನ್ನು ಹೀಗೆ ತಿದ್ದಿದೆವು. ಎಫ್ ಇಲ್ಲದ 12400. ನಾಲ್ಕು ರ‍್ಯಾಮ್ ಸ್ಲಾಟ್ ಇರುವ ಮದರ್‌ಬೋರ್ಡ್, ಮುಂದೆ ಇನ್ನೆರಡು ಹಾಕಲು. 8ರ ಎರಡು ಸ್ಟಿಕ್. 1 ಟಿಬಿ ಎನ್‌ವಿಎಂಇ ಎಸ್‌ಎಸ್‌ಡಿ, ಯಾಕೆಂದರೆ ಪ್ರಾಕ್ಸಿಗೆ ಜಾಗ ಬೇಕು. ಗಾಳಿಯಾಡುವ ಸಾದಾ ಕ್ಯಾಬಿನೆಟ್. ಈ ಪ್ರೊಸೆಸರ್ ಎಷ್ಟು ಏರಿದರೂ ಇಂಟೆಲ್ ಹೇಳುವ ಮಿತಿ 117 ವಾಟ್, ಆದರೂ ನಾಳೆಯ ಕಾರ್ಡ್ ನೆನೆದು ಕರೆಂಟ್ ಒದಗಿಸುವ 550 ವಾಟಿನ ಒಳ್ಳೇ ಎಸ್‌ಎಂಪಿಎಸ್. ಉಳಿದ ದುಡ್ಡಲ್ಲಿ ಯುಪಿಎಸ್, ಬ್ಯಾಕಪ್‌ಗೆ ಒಂದು ಹಾರ್ಡ್‌ಡಿಸ್ಕ್. ಮಾನಿಟರ್ ಮನೆಯಲ್ಲೇ ಇತ್ತು. ಇದು ಮೆಮೊರಿ ಬೆಲೆ ಏರುವ ಮೊದಲಿನ ಮಾತು. 2025ರ ಕೊನೆಯಿಂದ ರ‍್ಯಾಮ್ ಬೆಲೆ ತುಂಬಾ ಏರಿದೆ. ಈಗ ಕೊಳ್ಳುವವರು ಎಸ್‌ಎಸ್‌ಡಿಯನ್ನು 512ಕ್ಕೆ ಇಳಿಸಿದರೂ ರ‍್ಯಾಮ್ ಇಳಿಸಬೇಡಿ.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸಾಮಾನು ಕೊಂಡು, ನಮ್ಮ ಮನೆಯ ಊಟದ ಮೇಜಿನ ಮೇಲೆ ಅವಳೇ ಜೋಡಿಸಿದಳು. ರಾತ್ರಿ ಪ್ರಾಕ್ಸಿ ಮಾಡಲು ಹಾಕಿ ಮಲಗಿದೆವು. ಬೆಳಿಗ್ಗೆ ಎದ್ದವಳೇ ಟೈಮ್‌ಲೈನ್ ಹಿಡಿದು ಹಿಂದಕ್ಕೆ ಎಳೆದಳು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಹಾರಿದ್ದ ಹುಡುಗ ನೀರಿನಿಂದ ಮೇಲೆದ್ದ. ಚದುರಿದ ಹನಿಗಳೆಲ್ಲ ಹೊಳೆಗೆ ವಾಪಸಾದವು. ಅವನು ಒಣ ಮೈಯಲ್ಲಿ ದಡದ ಕಲ್ಲಿನ ಮೇಲೆ ಬಂದು ನಿಂತ. ನಡುವೆ ಒಂದು ಫ್ರೇಮೂ ತಡೆಯಲಿಲ್ಲ. ‘ಮಾಮ, ಉಲ್ಟಾ ಮಗ್ಗಿ!’ ಅಂದಳು.