ರಾತ್ರಿ ಹನ್ನೊಂದೂಕಾಲರ ತೊಡಕು

ಮೇಜಿನ ಹಿಂದೆ ಕೋಟು ತೊಟ್ಟ ನಿರೂಪಕ, ಪಕ್ಕದಲ್ಲಿ ಅತಿಥಿಗೊಂದು ಕುರ್ಚಿ, ಅದರಾಚೆ ಸೋಫಾ, ಮೂಲೆಯಲ್ಲಿ ಬ್ಯಾಂಡ್. ಮೊದಲು ನಿಂತುಕೊಂಡೇ ಒಂದಷ್ಟು ತಮಾಷೆಯ ಮಾತು, ಆಮೇಲೆ ಹರಟೆ, ಕೊನೆಗೊಂದು ಹಾಡು. ತಡರಾತ್ರಿಯ ಟಾಕ್ ಶೋ ಎಂದರೆ ಕಣ್ಣಿಗೆ ಕಟ್ಟುವುದು ಇದೇ. ಕನ್ನಡ ವಾಹಿನಿಗಳಲ್ಲಿ ಸೋಫಾ ಹರಟೆ ನೋಡಿ ಬೆಳೆದವರಿಗೆ ಈ ಏರ್ಪಾಡು ಸಿದ್ಧವಾಗಿಯೇ ಸಿಕ್ಕಿತು. ಅದು ಮೊದಲು ಕೂಡಿಬಂದದ್ದು ಅಮೆರಿಕದ ಎನ್‌ಬಿಸಿ ಜಾಲದ ‘ಟುನೈಟ್’ ಕಾರ್ಯಕ್ರಮದಲ್ಲಿ. ಜಾಲವೆಂದರೆ ಊರೂರಿನ ಟಿವಿ ಕೇಂದ್ರಗಳಿಗೆ ಒಂದೇ ಕಾರ್ಯಕ್ರಮ ಕಳಿಸುವ ಸಂಸ್ಥೆ. ಗಡಿಯಾರ, ಜಾಹೀರಾತು, ಕ್ಯಾಮೆರಾ, ಟೇಪು ಒಂದೊಂದೂ ಒಡ್ಡಿದ ತೊಡಕಿಗೆ ಆ ಹೊತ್ತಿಗೆ ಹೊಳೆದ ದಾರಿಗಳೇ ಸೇರಿ ಅದರ ರೂಪವಾದವು.

1950ರ ಸುಮಾರಿಗೆ ರಾತ್ರಿ ಹನ್ನೊಂದಾದ ಮೇಲೆ ಅಮೆರಿಕದ ಹೆಚ್ಚಿನ ಟಿವಿ ಕೇಂದ್ರಗಳು ಹಳೆಯ ಸಿನಿಮಾ ಹಾಕುತ್ತಿದ್ದವು, ಇಲ್ಲವೇ ಪ್ರಸಾರ ನಿಲ್ಲಿಸಿ ಬಾಗಿಲು ಹಾಕುತ್ತಿದ್ದವು. ಆ ಹೊತ್ತು ಜಾಲದ್ದಲ್ಲ, ಸ್ಥಳೀಯ ಕೇಂದ್ರದ್ದು. ಅದರ ಜಾಹೀರಾತಿನ ದುಡ್ಡೂ ಕೇಂದ್ರದ್ದೇ. ಜಾಲಕ್ಕೆ ಆ ಹೊತ್ತು ಬೇಕೆಂದರೆ ಊರೂರಿನ ಕೇಂದ್ರಗಳನ್ನು ಒಪ್ಪಿಸಬೇಕು. ಮುಂದಿನ ಹದಿನೇಳು ವರ್ಷ ಈ ಕಾರ್ಯಕ್ರಮವನ್ನು ಕಾಡಿದ್ದು ಮುಖ್ಯವಾಗಿ ಇದೇ ಮಾತು.

ಆ ಹೊತ್ತಿನ ಮೇಲೆ ಕಣ್ಣಿಟ್ಟವರು 1949ರಲ್ಲಿ ಎನ್‌ಬಿಸಿ ಸೇರಿದ್ದ ಅಧಿಕಾರಿ ಪ್ಯಾಟ್ ವೀವರ್. ಅವರ ಮೊದಲ ಪ್ರಯತ್ನ ‘ಬ್ರಾಡ್‌ವೇ ಓಪನ್ ಹೌಸ್’. ಅದಕ್ಕೆಂದು ಗೊತ್ತುಮಾಡಿದ್ದ ನಿರೂಪಕ ಡಾನ್ ಹಾರ್ನ್ಸ್‌ಬಿ ಆರಂಭದ ಹೊಸ್ತಿಲಲ್ಲೇ ಪೋಲಿಯೊಗೆ ಬಲಿಯಾದರು. 1950ರ ಮೇ 29ರಂದು ಕಾರ್ಯಕ್ರಮ ಹೇಗೋ ಶುರುವಾಯಿತು. ಜೆರ‍್ರಿ ಲೆಸ್ಟರ್ ಮತ್ತು ಮೋರಿ ಆಮ್‌ಸ್ಟರ್‌ಡ್ಯಾಮ್ ರಾತ್ರಿಗಳನ್ನು ಹಂಚಿಕೊಂಡು ನಡೆಸಿದರು. ನಾಟಕರಂಗದ ಹಳೆಯ ಹಾಸ್ಯ, ಹಾಡು, ಕುಣಿತ ಎಲ್ಲ ಇದ್ದವು. ಆದರೆ ನಾಟಕ ಕಂಪನಿಯ ಹಾಸ್ಯಗಾರ ಒಂದೇ ತುಣುಕನ್ನು ಊರಿಂದ ಊರಿಗೆ ವರ್ಷಗಟ್ಟಲೆ ಆಡಿಸಬಹುದು. ಟಿವಿಯಲ್ಲಿ ಅದು ಒಂದೇ ರಾತ್ರಿಗೆ ಮುಗಿಯುತ್ತದೆ. ವಾರಕ್ಕೆ ಐದು ರಾತ್ರಿ, ದಿನಕ್ಕೊಂದು ಗಂಟೆ ಅಂದರೆ ಎಂಥ ಬುತ್ತಿಯೂ ಬರಿದಾಗುತ್ತದೆ. 1951ರ ಆಗಸ್ಟ್‌ನಲ್ಲಿ ಅದು ನಿಂತಿತು. ಬರೆದಿಟ್ಟ ಹಾಸ್ಯದಿಂದ ಇಷ್ಟು ಹೊತ್ತು ತುಂಬಲು ಆಗದು, ತುಂಬಬಲ್ಲದ್ದು ಮಾತು ಮಾತ್ರ ಎಂಬುದು ಆ ಹದಿನೈದು ತಿಂಗಳಲ್ಲಿ ಸಾಬೀತಾಯಿತು.

ಮಾತಿನಿಂದ ಹೊತ್ತು ತುಂಬುವ ವಿದ್ಯೆ ಸ್ಟೀವ್ ಆಲನ್‌ಗೆ ರೇಡಿಯೊದಲ್ಲಿ ಒದಗಿತ್ತು. ಲಾಸ್ ಏಂಜಲೀಸ್‌ನ ಕೆಎನ್‌ಎಕ್ಸ್ ಕೇಂದ್ರದಲ್ಲಿ ಅವರು ರಾತ್ರಿ ಕಾರ್ಯಕ್ರಮ ನಡೆಸುತ್ತಿದ್ದಾಗ ಒಮ್ಮೆ ಅತಿಥಿಯಾಗಿ ಬರಬೇಕಿದ್ದ ಗಾಯಕಿ ಡೋರಿಸ್ ಡೇ ಬರಲಿಲ್ಲ. ನೇರಪ್ರಸಾರ, ಕೈಯಲ್ಲಿ ಬೇರೇನೂ ಇಲ್ಲ. ಆಲನ್ ಮೈಕು ಎತ್ತಿಕೊಂಡು ಪ್ರೇಕ್ಷಕರ ನಡುವೆ ಹೋಗಿ ಸಿಕ್ಕಸಿಕ್ಕವರನ್ನು ಮಾತಾಡಿಸಿದರು. ಬರೆದುಕೊಂಡು ಬಂದ ಮಾತಿಗಿಂತ ಅದಕ್ಕೇ ಹೆಚ್ಚು ನಗು ಬಂತು. ಪ್ರೇಕ್ಷಕರ ಸಾಲುಗಳ ನಡುವೆ ನಿರೂಪಕ ಮೈಕು ಹಿಡಿದು ಓಡಾಡುವ ಪದ್ಧತಿಯನ್ನು ಅವರು ಟಿವಿಗೆ ತಂದದ್ದು ಈ ಅನುಭವದಿಂದಲೇ.

1953ರ ಜುಲೈಯಲ್ಲಿ ಆಲನ್ ನ್ಯೂಯಾರ್ಕಿನ ಎನ್‌ಬಿಸಿ ಕೇಂದ್ರದಲ್ಲಿ ಸ್ಥಳೀಯ ರಾತ್ರಿ ಕಾರ್ಯಕ್ರಮ ಶುರುಮಾಡಿದರು. ಪ್ರಾಯೋಜಕರು ಒಂದು ಬಿಯರ್ ಕಂಪನಿ. ಅದು ಗೆದ್ದ ಮೇಲೆ 1954ರ ಸೆಪ್ಟೆಂಬರ್ 27ರಂದು ‘ಟುನೈಟ್’ ಎಂಬ ಹೆಸರಿನಲ್ಲಿ ಜಾಲಕ್ಕೆ ಬಂತು. ಜಾಗ, ಮ್ಯಾನ್‌ಹಟನ್ನಿನ 44ನೇ ಬೀದಿಯ ಹಡ್ಸನ್ ಥಿಯೇಟರ್, 1903ರ ನಾಟಕಶಾಲೆ. ನ್ಯೂಯಾರ್ಕಿನಲ್ಲಿ 11:15ಕ್ಕೆ, ಉಳಿದ ಕಡೆ 11:30ಕ್ಕೆ ಆರಂಭ. ಮುಗಿಯುವುದು ನಡುರಾತ್ರಿ ದಾಟಿ ಒಂದಕ್ಕೆ. ಮೊದಲ ರಾತ್ರಿ ಆಲನ್ ಪಿಯಾನೊ ಮುಂದೆ ಕೂತು, ಈ ಕಾರ್ಯಕ್ರಮ ಮುಗಿಯುವುದೇ ಇಲ್ಲ ಎಂದು ನೋಡುಗರಿಗೆ ಮೊದಲೇ ಹೇಳಿಬಿಟ್ಟರು.

ಲೆಕ್ಕ ಹಾಕಿದರೆ ಆ ಮಾತಿನ ಭಾರ ಗೊತ್ತಾಗುತ್ತದೆ. ರಾತ್ರಿಗೆ 90 ನಿಮಿಷ, ವಾರಕ್ಕೆ ಐದು ರಾತ್ರಿ: 450 ನಿಮಿಷ, ಏಳೂವರೆ ಗಂಟೆ, ಎಲ್ಲವೂ ನೇರಪ್ರಸಾರ. ಪತ್ರಿಕೆಗೆ ಬಂದ ಸಿಟ್ಟಿನ ಪತ್ರಗಳನ್ನು ಅಷ್ಟೇ ಸಿಟ್ಟಿನಿಂದ ಓದುವುದು, ಕ್ಯಾಮೆರಾವನ್ನು ಥಿಯೇಟರಿನ ಹೊರಗಿನ ಬೀದಿಗೆ ತಿರುಗಿಸಿ ಹೋಗುವವರ ಮೇಲೆ ಮಾತು ಕಟ್ಟುವುದು, ಪೊಲೀಸ್ ವೇಷದಲ್ಲಿ ರಸ್ತೆಗಿಳಿದು ಕಾರು ನಿಲ್ಲಿಸುವುದು ಇವೆಲ್ಲ ಖರ್ಚಿಲ್ಲದೆ ಹೊತ್ತು ತುಂಬುವ ಉಪಾಯಗಳು. ಸ್ಕಿಚ್ ಹೆಂಡರ್ಸನ್ ಅವರ ಬ್ಯಾಂಡು, ಖಾಯಂ ಗಾಯಕರಾದ ಸ್ಟೀವ್ ಲಾರೆನ್ಸ್, ಈಡಿ ಗೊರ್ಮೆ, ಆ್ಯಂಡಿ ವಿಲಿಯಮ್ಸ್ ಇದ್ದುದರಿಂದ ಮಾತು ಸೋತ ಕಡೆ ಹಾಡು ಕೈಹಿಡಿಯುತ್ತಿತ್ತು.

ದುಡ್ಡಿನ ಕಡೆಯಿಂದ ವೀವರ್ ಮಾಡಿದ ಬದಲಾವಣೆ ಇದಕ್ಕಿಂತ ದೊಡ್ಡದು. ಅಲ್ಲಿಯವರೆಗೆ ಒಂದು ಕಾರ್ಯಕ್ರಮಕ್ಕೆ ಒಬ್ಬನೇ ಪ್ರಾಯೋಜಕ. ತಯಾರಿಯೂ ಬಹುಪಾಲು ಅವನ ಜಾಹೀರಾತು ಏಜೆನ್ಸಿಯ ಕೈಯಲ್ಲಿ. ಅವನು ಕೈಬಿಟ್ಟರೆ ಕಾರ್ಯಕ್ರಮ ಸತ್ತಂತೆ. ವೀವರ್ ಪತ್ರಿಕೆಯ ಪುಟ ಮಾರುವ ಹಾಗೆ ನಿಮಿಷಗಳನ್ನು ಮಾರಿದರು. ಕಾರ್ಯಕ್ರಮ ಜಾಲದ ಸ್ವತ್ತು. ಅದರೊಳಗಿನ ಒಂದೊಂದು ನಿಮಿಷ ಒಬ್ಬೊಬ್ಬ ಜಾಹೀರಾತುದಾರನದು. 1952ರ ಜನವರಿಯಲ್ಲಿ ಶುರುವಾದ ಬೆಳಗಿನ ‘ಟುಡೇ’ಯಲ್ಲಿ ಪರೀಕ್ಷಿಸಿದ್ದ ಈ ಕ್ರಮ ರಾತ್ರಿಗೂ ಬಂತು. ಊರಿನ ಕೇಂದ್ರಕ್ಕೂ ತನ್ನ ಜಾಹೀರಾತು ಸೇರಿಸಲು ಬಿಡುವು ಬಿಡಬೇಕು. ಹಾಗಾಗಿ ಕಾರ್ಯಕ್ರಮ ಎಲ್ಲಿ ಬೇಕೆಂದರೆ ಅಲ್ಲಿ ಕತ್ತರಿಸಿ ಮತ್ತೆ ಸೇರಿಸುವಂತಿರಬೇಕು. ನಾಟಕವನ್ನು ಹೀಗೆ ಕತ್ತರಿಸಿದರೆ ಕಥೆ ಹರಿದುಹೋಗುತ್ತದೆ; ಹರಟೆಗೆ ಏನೂ ಆಗದು. ಟಾಕ್ ಶೋ ಬದುಕಿಕೊಂಡದ್ದಕ್ಕೆ ಈ ಒಂದು ಗುಣವೇ ಎಲ್ಲಕ್ಕಿಂತ ದೊಡ್ಡ ಕಾರಣ ಎನ್ನಬೇಕು.

ಮೇಜು, ಸೋಫಾ ನೆಲೆನಿಂತದ್ದಕ್ಕೆ ಕ್ಯಾಮೆರಾದಲ್ಲೂ ಕಾರಣವಿದೆ. ಆಗಿನ ಸ್ಟುಡಿಯೊ ಕ್ಯಾಮೆರಾಗಳ ಮುಂಭಾಗದಲ್ಲಿ ತಿರುಗುವ ತಟ್ಟೆಯ ಮೇಲೆ ನಾಲ್ಕು ಲೆನ್ಸ್ ಇರುತ್ತಿದ್ದವು. ಹತ್ತಿರದ ಚಿತ್ರ ಬೇಕೆಂದರೆ ತಟ್ಟೆ ತಿರುಗಿಸಬೇಕು. ಆ ಕ್ಯಾಮೆರಾದ ಚಿತ್ರ ಪ್ರಸಾರದಲ್ಲಿರುವಾಗ ತಿರುಗಿಸಿದರೆ ನೋಡುಗನ ಪರದೆಯ ಮೇಲೆ ಎಲ್ಲವೂ ಗಿರ‍್ರನೆ ಸುತ್ತುತ್ತದೆ. ಆದ್ದರಿಂದ ನಿರ್ದೇಶಕ ಮೊದಲು ಇನ್ನೊಂದು ಕ್ಯಾಮೆರಾಕ್ಕೆ ಹೋಗಬೇಕು, ಮೊದಲಿನ ಕ್ಯಾಮೆರಾದವನು ಲೆನ್ಸ್ ಬದಲಿಸಿ ಫೋಕಸ್ ಹಿಡಿಯಬೇಕು, ಆಮೇಲೆ ಮರಳಬೇಕು. ನಿರೂಪಕ ಓಡಾಡುತ್ತಿದ್ದರೆ ಈ ಆಟ ಕೈತಪ್ಪುತ್ತದೆ. ಅವನು ಒಂದೇ ಕಡೆ ಕೂತರೆ ಒಂದು ಕ್ಯಾಮೆರಾ ಅವನ ಮುಖಕ್ಕೆ, ಒಂದು ಅತಿಥಿಗೆ, ಮೂರನೆಯದು ಇಬ್ಬರಿಗೂ. ತಲೆಯ ಮೇಲಿನ ಉದ್ದ ತೋಳಿನ ಮೈಕಿಗೂ ಆಗ ಹೆಚ್ಚು ದೂರ ಚಲಿಸುವ ಕೆಲಸವಿಲ್ಲ. 

ಸೋಫಾದ ಮೇಲಿನ ಸರದಿಯೂ ಹೊತ್ತಿನ ಉಳಿತಾಯವೇ. ಹೊಸ ಅತಿಥಿ ಬಂದಾಗ ಮೊದಲಿನವರು ಎದ್ದು ಹೋಗುವುದಿಲ್ಲ, ಒಂದು ಜಾಗ ಆಚೆಗೆ ಸರಿಯುತ್ತಾರೆ. ನಿರೂಪಕನ ಪಕ್ಕದ ಕುರ್ಚಿ ಹೊಸಬರಿಗೆ. ಹೊಸಬರ ಮಾತು ಸಪ್ಪೆಯಾದರೆ ಸರಿದು ಕೂತವರಲ್ಲಿ ಒಬ್ಬರು ಬಾಯಿ ಹಾಕುತ್ತಾರೆ. ಮೇಜಿನ ಮೇಲೆ ಟಿಪ್ಪಣಿ ಚೀಟಿ, ಮೈಕು, ಆ ರಾತ್ರಿ ಹೊಗಳಬೇಕಾದ ಸರಕು. ಜಾಹೀರಾತೂ ಅಲ್ಲೇ ನೇರಪ್ರಸಾರದಲ್ಲಿ ನಡೆಯುತ್ತಿದ್ದುದರಿಂದ ಎಡವಟ್ಟು ತಪ್ಪುತ್ತಿರಲಿಲ್ಲ. ಮುಂದೆ ನಿರೂಪಕರಾದ ಜಾನಿ ಕಾರ್ಸನ್ ಕಾಲದಲ್ಲಿ ಒಮ್ಮೆ ನಾಯಿ ಆಹಾರದ ಜಾಹೀರಾತಿಗೆ ತಂದ ನಾಯಿ ತಟ್ಟೆಗೆ ಬಾಯಿ ಹಾಕದೆ ಹೋಯಿತು. ಕಾರ್ಸನ್ ಅಂಬೆಗಾಲಿಡುತ್ತ ಬಂದು ನಾಯಿಯ ಪಾತ್ರ ವಹಿಸಿ ಉದ್ಘೋಷಕ ಎಡ್ ಮೆಕ್‌ಮಹೊನ್ ಅವರ ಮಾನ ಉಳಿಸಿದರು.

ಆಲನ್‌ಗೆ 1956ರ ಜೂನ್‌ನಲ್ಲಿ ಭಾನುವಾರದ ದೊಡ್ಡ ಕಾರ್ಯಕ್ರಮ ಸಿಕ್ಕಿತು. ಎರಡೂ ಒಟ್ಟಿಗೆ ನಡೆಸುವುದು ಒಬ್ಬ ಮನುಷ್ಯನಿಂದ ಆಗದ ಮಾತು. ಸೋಮವಾರ, ಮಂಗಳವಾರ ಹಾಸ್ಯಗಾರ ಅರ್ನಿ ಕೊವಾಕ್ಸ್ ಪಾಲಾದವು. 1957ರ ಜನವರಿಯಲ್ಲಿ ಇಬ್ಬರೂ ಹೊರಟರು. ಆಗ ಜಾಲ ಮಾಡಿದ ತಪ್ಪು ಗಮನಿಸುವಂಥದ್ದು. ‘ಅಮೆರಿಕ ಆಫ್ಟರ್ ಡಾರ್ಕ್’ ಎಂಬ ಹೆಸರಿನಲ್ಲಿ ನ್ಯೂಯಾರ್ಕ್, ಶಿಕಾಗೊ, ಲಾಸ್ ಏಂಜಲೀಸ್ ಪತ್ರಿಕೆಗಳ ಅಂಕಣಕಾರರನ್ನು ಕರೆದು, ಊರೂರಿನ ರಾತ್ರಿ ಬದುಕನ್ನು ನೇರಪ್ರಸಾರದಲ್ಲಿ ಪೋಣಿಸಲು ಹೊರಟರು. ಬರೆಯಲು ಬಲ್ಲವರೆಲ್ಲ ಕ್ಯಾಮೆರಾ ಮುಂದೆ ಮಾತಾಡಬಲ್ಲವರಲ್ಲ. ಒಂದು ಊರಿಂದ ಇನ್ನೊಂದು ಊರಿಗೆ ಜಿಗಿಯುವಾಗ ನೋಡುಗನಿಗೆ ಹಿಡಿದುಕೊಳ್ಳಲು ಒಂದು ಪರಿಚಿತ ಮುಖವೇ ಇರಲಿಲ್ಲ. ಕೇಂದ್ರಗಳು ಒಂದೊಂದಾಗಿ ಕೈಬಿಟ್ಟು ಹಳೆಯ ಸಿನಿಮಾಗಳಿಗೆ ಮರಳಿದವು. ಆರು ತಿಂಗಳಿಗೆ ಆಟ ಮುಗಿಯಿತು.

1957ರ ಜುಲೈ 29ರಂದು ಬಂದ ಜ್ಯಾಕ್ ಪಾರ್ ಎಲ್ಲ ತಂತಿಗಳನ್ನೂ ಕಿತ್ತು ಮಾತಿಗೇ ಮರಳಿದರು. ಹ್ಯೂ ಡೌನ್ಸ್ ಉದ್ಘೋಷಕ, ಹೋಸೆ ಮೆಲಿಸ್ ಬ್ಯಾಂಡು, ಮತ್ತೆ ಮತ್ತೆ ಬರುವ ಒಂದಷ್ಟು ಮಾತುಗಾರರು. ಅತಿಥಿಗೆ ಕಲಾವಿದರ ಸಂಘ ನಿಗದಿಮಾಡಿದ ಕನಿಷ್ಠ ಸಂಭಾವನೆ, ಅಷ್ಟೇ. ಯಾರಿಗೆ ಯಾವ ಪ್ರಶ್ನೆ ಹಾಕಿದರೆ ಒಳ್ಳೆಯ ಕಥೆ ಹೊರಬರುತ್ತದೆ ಎಂದು ಮೊದಲೇ ಮಾತಾಡಿಸಿ ಚೀಟಿ ಬರೆದಿಡುವ ಸಿಬ್ಬಂದಿ ಪರದೆಯ ಹಿಂದೆ ಇದ್ದರು. 1960ರಲ್ಲಿ ಅಧ್ಯಕ್ಷ ಹುದ್ದೆಗೆ ಸ್ಪರ್ಧಿಸಿದ್ದ ಕೆನಡಿ, ನಿಕ್ಸನ್ ಇಬ್ಬರೂ ಪಾರ್ ಪಕ್ಕದ ಕುರ್ಚಿಗೆ ಬಂದು ಹೋದರು.

ಇಲ್ಲಿ ಟೇಪಿನ ಕಥೆ ಹೇಳಲೇಬೇಕು. ಅದಕ್ಕೆ ಮುಂಚೆ ಕಾರ್ಯಕ್ರಮ ಉಳಿಸುವ ದಾರಿ ಒಂದೇ, ಟಿವಿ ಪರದೆಯ ಎದುರು ಸಿನಿಮಾ ಕ್ಯಾಮೆರಾ ಇಟ್ಟು ಚಿತ್ರೀಕರಿಸುವ ಕಿನಿಸ್ಕೋಪ್. ಅಮೆರಿಕದ ಟಿವಿಯಲ್ಲಿ ಸೆಕೆಂಡಿಗೆ 30 ಚಿತ್ರ, ಫಿಲ್ಮಿನಲ್ಲಿ 24. ಹೊಂದಾಣಿಕೆ ತಪ್ಪಿದರೆ ಚಿತ್ರದ ಮೇಲೆ ಅಡ್ಡಪಟ್ಟಿ. ಸರಿಹೋದರೂ ಚಿತ್ರ ಮಂಕು. 1956ರಲ್ಲಿ ಆಂಪೆಕ್ಸ್ ಕಂಪನಿಯ ಟೇಪು ಯಂತ್ರ ಬಂತು: ಎರಡು ಅಂಗುಲ ಅಗಲದ ಟೇಪು ಸೆಕೆಂಡಿಗೆ 15 ಅಂಗುಲದಂತೆ ಸರಿಯುತ್ತದೆ, ಅದಕ್ಕೆ ಅಡ್ಡಲಾಗಿ ಚಿತ್ರ ದಾಖಲಿಸುವ ನಾಲ್ಕು ಹೆಡ್‌ಗಳ ಚಕ್ರ ನಿಮಿಷಕ್ಕೆ 14,400 ಸುತ್ತು ತಿರುಗುತ್ತದೆ. ಗಂಟೆಗೆ 4,500 ಅಡಿ. ಪಾರ್ ಕಾಲದಲ್ಲಿ 11:15ರಿಂದ ಒಂದರವರೆಗೆ ನಡೆಯುತ್ತಿದ್ದ 105 ನಿಮಿಷದ ಒಂದು ರಾತ್ರಿಗೆ ಸುಮಾರು 7,900 ಅಡಿ ಟೇಪು, ಅಂದರೆ ಎರಡು ಸುರುಳಿ. 1959ರ ಹೊತ್ತಿಗೆ ‘ಟುನೈಟ್’ ಸಂಜೆಯೇ ಟೇಪಾಗಿ ಅದೇ ರಾತ್ರಿ ಪ್ರಸಾರವಾಗತೊಡಗಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೆಹಲಿಯಲ್ಲಿ ನಮ್ಮ ದೂರದರ್ಶನದ ಪ್ರಾಯೋಗಿಕ ಪ್ರಸಾರ ಇನ್ನೂ ಕಣ್ಣುಬಿಡುತ್ತಿತ್ತು.

ಸಂಜೆ ಟೇಪಾದರೆ ರಾತ್ರಿಯೊಳಗೆ ಕತ್ತರಿಸಲೂ ಸಮಯವಿದೆ. 1960ರ ಫೆಬ್ರವರಿ 10ರಂದು ಪಾರ್ ಒಂದು ಹಳೆಯ ನಗೆಕಥೆ ಹೇಳಿದರು. ‘ಡಬ್ಲ್ಯು.ಸಿ.’ ಎಂದು ಶೌಚಾಲಯದ ಬಗ್ಗೆ ಕೇಳಿದ ಇಂಗ್ಲಿಷ್ ಹೆಂಗಸಿಗೆ, ಅದು ಪ್ರಾರ್ಥನಾ ಮಂದಿರವೆಂದು ತಿಳಿದ ಸ್ವಿಸ್ ಮೇಷ್ಟ್ರು ಕೊಡುವ ಉತ್ತರ ಅದು. ಜಾಲ ಅವರನ್ನು ಕೇಳದೆ ಅಷ್ಟನ್ನೂ ಕತ್ತರಿಸಿ ಆ ಜಾಗದಲ್ಲಿ ಸುದ್ದಿ ಹಾಕಿತು. ಮರುದಿನ ಪಾರ್ ಮಾತಿನ ನಡುವೆ ಕಣ್ಣೀರು ತುಂಬಿಕೊಂಡು ಎದ್ದು ಹೊರನಡೆದರು. ಉಳಿದ ಹೊತ್ತನ್ನು ಡೌನ್ಸ್ ನಿಭಾಯಿಸಿದರು. ಮಾರ್ಚ್ 7ರಂದು ಮರಳಿದ ಪಾರ್, ಅರ್ಧಕ್ಕೆ ನಿಂತ ಮಾತು ಮುಂದುವರಿಸುವ ಧಾಟಿಯಲ್ಲೇ ಶುರುಮಾಡಿದರು. ನೇರಪ್ರಸಾರದ ಕಾಲವಾಗಿದ್ದರೆ ಈ ಜಗಳಕ್ಕೆ ಎಡೆಯೇ ಇರಲಿಲ್ಲ: ಆಡಿದ ಮಾತು ಆಗಲೇ ಮನೆಮನೆ ತಲುಪಿರುತ್ತಿತ್ತು.

ಪಾರ್ 1962ರ ಮಾರ್ಚ್ ಕೊನೆಯಲ್ಲಿ ಬಿಟ್ಟರು. ಅವರ ಜಾಗಕ್ಕೆ ಬರಬೇಕಿದ್ದ ಕಾರ್ಸನ್‌ಗೆ ಎಬಿಸಿ ಜಾಲದ ಒಪ್ಪಂದ ಇನ್ನೂ ಮುಗಿದಿರಲಿಲ್ಲ, ಅದಕ್ಕಾಗಿ ಆರು ತಿಂಗಳು ಬದಲಿ ನಿರೂಪಕರು ಬಂದು ಹೋದರು. ಅಕ್ಟೋಬರ್ 1ರಂದು ಹಾಸ್ಯನಟ ಗ್ರೌಚೊ ಮಾರ್ಕ್ಸ್ ಕಾರ್ಸನ್ ಅವರನ್ನು ಪರಿಚಯಿಸಿದರು. ಆ ರಾತ್ರಿಯ ಧ್ವನಿ ಉಳಿದಿದೆ, ದೃಶ್ಯ ಉಳಿದಿಲ್ಲ. ದುಬಾರಿ ಟೇಪನ್ನು ಅಳಿಸಿ ಮತ್ತೆ ಬಳಸುವುದು ಆಗಿನ ರೂಢಿ. 1972ರಲ್ಲಿ ಕಾರ್ಯಕ್ರಮ ಕ್ಯಾಲಿಫೋರ್ನಿಯಾದ ಬರ್‌ಬ್ಯಾಂಕಿಗೆ ಹೋಗುವವರೆಗಿನ ಕಾರ್ಸನ್ ಕಂತುಗಳಲ್ಲಿ ಹೆಚ್ಚಿನವು ಹೀಗೆ ಅಳಿಸಿಹೋದವು. ಹತ್ತು ವರ್ಷದ ಮಾತು, ಮುಖ, ಹಾಡು ಹೀಗೆ ಹೋದದ್ದು ಟಿವಿ ಇತಿಹಾಸದ ದೊಡ್ಡ ನಷ್ಟಗಳಲ್ಲೊಂದು.

ಹನ್ನೊಂದೂಕಾಲರ ತೊಡಕು ಮಾತ್ರ ಹಾಗೇ ಉಳಿದಿತ್ತು. ಪಾರ್, ಕಾರ್ಸನ್ ಕಾಲದಲ್ಲಿ ಜಾಲ 11:15ಕ್ಕೇ ಕಾರ್ಯಕ್ರಮ ಕಳಿಸುತ್ತಿತ್ತು. ಹನ್ನೊಂದರ ಸ್ಥಳೀಯ ಸುದ್ದಿ ಕಾಲು ಗಂಟೆ ಇದ್ದಲ್ಲಿ ಸರಿಹೋಗುತ್ತಿತ್ತು. ಆದರೆ ಸುದ್ದಿಯಲ್ಲಿ ಲಾಭ ಕಂಡ ಕೇಂದ್ರಗಳು ಅದನ್ನು ಅರ್ಧ ಗಂಟೆಗೆ ಹಿಗ್ಗಿಸಿ 11:30ಕ್ಕೆ ಸೇರಿಕೊಳ್ಳತೊಡಗಿದವು. ಕಾರ್ಸನ್ ಅವರ ಮುಖ್ಯ ಸರಕೇ ಆರಂಭದ ನಗೆಮಾತು. ಅದು ಆ ಊರುಗಳಲ್ಲಿ ಕಾಣುತ್ತಲೇ ಇರಲಿಲ್ಲ. 1965ರ ಫೆಬ್ರವರಿಯಲ್ಲಿ ಅವರು ಮೊದಲ ಕಾಲು ಗಂಟೆಗೆ ಬರುವುದನ್ನೇ ನಿಲ್ಲಿಸಿದರು. ಮೆಕ್‌ಮಹೊನ್ ಮತ್ತು ಬ್ಯಾಂಡಿನ ಹೆಂಡರ್ಸನ್ ಆ ಹದಿನೈದು ನಿಮಿಷ ತಾವೇ ತುಂಬಿಸಿದರು; 11:30 ಆದ ಮೇಲೆ ಕಾರ್ಸನ್ ಪರದೆ ಸರಿಸಿ ಬರುವರು. ಹೀಗೆ ಸುಮಾರು ಎರಡು ವರ್ಷ ನಡೆದು, 1967ರ ಜನವರಿಯಲ್ಲಿ ಜಾಲ ಮಣಿಯಿತು. ಕಾರ್ಯಕ್ರಮ 105 ನಿಮಿಷದಿಂದ 90ಕ್ಕೆ ಇಳಿಯಿತು, ಹನ್ನೊಂದೂಕಾಲು ಊರಿನ ಸುದ್ದಿಗೆ ಹೋಯಿತು.